ಡಾಕ್ಟರ ಸಾಹೇಬರ ಎರಡು ಗಾಳದ ಕೋಲು

ಸರಕಾರಿ ದವಾಖಾನೆಯಲ್ಲಿ ಔಷಧ ಕಲಸುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಖಾಲಿ ಬಾಟಲಿ ಹಿಡಿದುಕೊಂಡು ಬಾಗಿಲಿಗೆ ಬಂದು ನಿಲ್ಲುತ್ತವೆ. ನಾನು ರೋಣದಲ್ಲಿ ಕಂಪೌಂಡರನಾಗಿದ್ದದ್ದು ಐವತ್ತರ ದಶಕದಲ್ಲಿ, ನಮ್ಮ ಸೀಮೆ ಇನ್ನೂ ಮುಂಬಯಿ ಸರಕಾರದ ಕೈಯಲ್ಲಿದ್ದಾಗ. ಎಷ್ಟೋ ಡಾಕ್ಟರರು ಬಂದರು, ವರ್ಗವಾಗಿ ಹೋದರು. ಒಬ್ಬನೇ ಕುಳಿತು ನಗುವಾಗ ನೆನಪಿಗೆ ಬರುವವರು ಮಾತ್ರ ಒಬ್ಬರೇ. ಅವರಿಗೆ ಮೀನು ಹಿಡಿಯುವ ಹುಚ್ಚು. ಅದೂ ಎಲ್ಲಿ? ಮೀನನ್ನು ಪಂಚಾಂಗದ ರಾಶಿಚಿತ್ರದಲ್ಲಿ ಮಾತ್ರ ನೋಡಿದವರೇ ಹೆಚ್ಚಾಗಿದ್ದ ನಮ್ಮ ಕಪ್ಪು ಮಣ್ಣಿನ ಎರಿ ಹೊಲದ ಸೀಮೆಯಲ್ಲಿ. ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಅವರು ಮೀನು ತಿನ್ನುತ್ತಿರಲಿಲ್ಲ. ಮೀನಿರಲಿ, ಉಳ್ಳಾಗಡ್ಡಿಯನ್ನೂ ಶ್ರಾವಣದಲ್ಲಿ ಬಿಡುತ್ತಿದ್ದರು.

ಖಾಕಿ ಚೀಲ

ಡಾಕ್ಟರರು ಗದಗಿನಿಂದ ಬಸ್ಸಿಗೆ ಬಂದಿಳಿದ ದಿನ ಟ್ರಂಕು, ಹಾಸಿಗೆಯ ಸುರುಳಿ, ಪಾತ್ರೆಯ ಗೋಣಿಚೀಲ ಎಲ್ಲ ಇಳಿದ ಮೇಲೆ ಬಸ್ಸಿನ ನೆತ್ತಿಯಿಂದ ಎರಡು ಉದ್ದನೆಯ ಖಾಕಿ ಚೀಲಗಳು ಇಳಿದವು. ಹಮಾಲನಿಗೆ ಅವನ್ನು ಮುಟ್ಟಗೊಡದೆ ಡಾಕ್ಟರರೇ ಎರಡನ್ನೂ ಹೆಗಲಿಗೆ ಹಾಕಿಕೊಂಡರು. ಅಷ್ಟೇ ಸಾಕಾಯಿತು. ಅವರು ದವಾಖಾನೆ ಮುಟ್ಟುವುದರೊಳಗೆ ಸುದ್ದಿ ಪೇಟೆ ಮುಟ್ಟಿತ್ತು: ಹೊಸ ಡಾಕ್ಟರ ಹತ್ತಿರ ಜೋಡು ಬಂದೂಕು ಇವೆ.

ಮರುದಿನ ದವಾಖಾನೆಯಲ್ಲಿ ಅರ್ಧಕ್ಕರ್ಧ ಮಂದಿಯೇ ಇಲ್ಲ. ಬಂದವರೂ ಅಂಜಿಕೊಂಡೇ ಬಂದಿದ್ದರು. ಒಬ್ಬಾತನಂತೂ ಡಾಕ್ಟರರು ಎದೆಗೆ ನಳಿಗೆ ಹಚ್ಚಿ "ಉಸುರು ಎಳಕೋರಿ" ಎನ್ನುವ ಮೊದಲೇ ಎರಡೂ ಕೈ ಮೇಲೆತ್ತಿ ನಿಂತ.

ಮಧ್ಯಾಹ್ನ ಠಾಣೆಯ ಹವಾಲ್ದಾರರು ಬಂದರು. ಮೊದಲು ಕೆಮ್ಮಿಗೆ ಔಷಧ ಕೇಳಿದರು, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು.

"ಸಾಹೇಬ್ರ, ಬಂದೂಕಿನ ಲೈಸೆನ್ಸ್ ಒಂದೀಟ ತೋರಸ್ತೀರೇನ್ರಿ?"

ಡಾಕ್ಟರರಿಗೆ ನಗು ತಡೆಯಲಾಗಲಿಲ್ಲ. ಒಂದು ಚೀಲದ ಬಾಯಿ ಬಿಚ್ಚಿ, ಬಿದಿರಿನ ನುಣುಪಾದ ತುಂಡುಗಳನ್ನು ತೆಗೆದು, ಒಂದರ ಹಿತ್ತಾಳೆ ಬಾಯಿಗೆ ಇನ್ನೊಂದನ್ನು ಸೇರಿಸಿ, ಹೊರಸಾಲೆಯಲ್ಲಿ ಹಿಡಿಸಲಾರದಷ್ಟು ಉದ್ದನೆಯ ಕೋಲು ಮಾಡಿ ತೋರಿಸಿದರು. ಹವಾಲ್ದಾರರು ಅದರ ತುದಿಯ ತನಕ ಕಣ್ಣು ಹಾಯಿಸಿದರು.

"ಇದು ಏನ ಹೊಡೀತೈತ್ರಿ?"

"ಹೊಡಿಯೂದಿಲ್ರಿ. ಮೀನ ಹಿಡೀತದ."

"ಎಲ್ಲಿ?"

"ಹೊಳಿಯೊಳಗ, ಕೆರಿಯೊಳಗ."

"ರೋಣದಾಗ?"

ಡಾಕ್ಟರರು ಕೋಲಿನ ತುಂಡುಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಹವಾಲ್ದಾರರು ಸಮಾಧಾನದಿಂದ ಟೋಪಿ ಹಾಕಿಕೊಂಡು ಎದ್ದರು. "ಹಂಗಾದ್ರ ಲೈಸೆನ್ಸ್ ಬೇಕಾಗಿಲ್ರಿ. ಮೀನ ಇಲ್ಲದ ಊರಾಗ ಗಾಳ ಇಟಗೊಂಡವ್ರಿಗೆ ಕಾಯ್ದೇದ ಯಾವ ಕಲಮೂ ಹತ್ತಂಗಿಲ್ಲ."

ಹೆಣ್ಣು ನೋಡಿದ್ದು, ಕೋಲು ನೋಡಿದ್ದು

ಕೋಲಿನ ಹಿಂದಿನ ಕತೆ ನನಗೆ ತಿಳಿದದ್ದು ವಾರ ಕಳೆದ ಮೇಲೆ. ಸಂಜೆ ದವಾಖಾನೆಯ ಬಾಗಿಲು ಹಾಕಿದ ನಂತರ ಡಾಕ್ಟರರು ಎರಡೂ ಕೋಲುಗಳನ್ನು ಜೋಡಿಸಿ ಗೋಡೆಗೆ ಆನಿಸಿ, ನನ್ನನ್ನು ಕರೆದು ಕೂಡ್ರಿಸಿಕೊಂಡರು.

"ನೋಡ್ರಿ ಕಂಪೌಂಡರ, ಇದು ಉದ್ದಂದು, ಮೆತ್ತಗ ಬಾಗತದ. ಇದು ಗಿಡ್ಡಂದು, ಬಿರುಸು. ನಿಮಗ ಯಾವದು ಚಲೋ ಅನಸ್ತದ?"

ನನಗೆ ಎರಡೂ ಎತ್ತು ಹೊಡೆಯಲು ಬಾರದ ಬಾರುಕೋಲಿನಂತೆ ಕಂಡವು. ಹಾಗೆನ್ನಲಾಗದೆ "ಎರಡೂ ಚಲೋ ಅದಾವ್ರಿ" ಎಂದೆ. ಅವರಿಗೆ ಸಿಟ್ಟು ಬಂತು. "ಎಲ್ಲಾರೂ ಹಂಗ ಅಂತಾರ" ಎಂದು ಪಾಠ ಶುರು ಮಾಡಿದರು.

ನೀಲಗಿರಿ ಬೆಟ್ಟದ ತಣ್ಣನೆಯ ನೀರಿನಲ್ಲಿ ಟ್ರೌಟ್ ಎಂಬ ಮೀನು ಇದೆಯಂತೆ. ಮನುಷ್ಯನ ನೆರಳು ಬಿದ್ದರೆ ಸಾಕು, ಕಲ್ಲಿನ ಸಂದಿಗೆ ಸೇರಿಕೊಳ್ಳುತ್ತದಂತೆ. ಆದ್ದರಿಂದ ದೂರ ನಿಂತೇ ಗಾಳ ಒಗೆಯಬೇಕು. ಗಾಳಕ್ಕೆ ಎರೆಹುಳ ಚುಚ್ಚುವ ರೂಢಿ ಅಲ್ಲಿಲ್ಲ; ಕೋಳಿಯ ಪುಕ್ಕವನ್ನು ನೊಣದ ಹಾಗೆ ಕಾಣುವಂತೆ ಅದಕ್ಕೆ ಕಟ್ಟುತ್ತಾರೆ. ಆ ಪುಕ್ಕಕ್ಕೆ ತೂಕವೇ ಇಲ್ಲ. ತೂಕವೆಲ್ಲ ರೇಷ್ಮೆ ದಾರದ್ದು. ದಾರವನ್ನು ಮೊದಲು ಬೆನ್ನ ಹಿಂದಕ್ಕೆ ಬೀಸಿ, ಅದು ಪೂರ್ತಿ ನೆಟ್ಟಗಾಗುವ ತನಕ ತಾಳಿ, ಆಮೇಲೆ ಮುಂದಕ್ಕೆ ಒಗೆಯಬೇಕು. ತಾಳ್ಮೆ ಇಲ್ಲದವನ ದಾರ ಕಾಲ ಬುಡದಲ್ಲೇ ಬೀಳುತ್ತದೆ.

"ನಮ್ಮ ಮಾವನೋರು ಅಲ್ಲೇ ಜಂಗಲ್ ಖಾತೆದಾಗ ಇದ್ರು. ಈ ಉದ್ದನ್ನ ಕೋಲು ಅವರದು. ಸಾಯೂ ಮುಂದ ಮಗಗ ಕೊಡಲಿಲ್ಲ, ಅಳಿಯ ಅಂತ ನನಗ ಕೊಟ್ರು. ಮಗಗ ತಾಳ್ಮಿ ಇಲ್ಲ ಅಂದ್ರು."

ಆ ಮಗ, ಅಂದರೆ ಡಾಕ್ಟರರ ಹೆಂಡತಿಯ ತಮ್ಮ, ನೀಲಗಿರಿಯ ಒಂದು ಚಹಾ ತೋಟದಲ್ಲಿ ಸಾಹೇಬನಾಗಿದ್ದ. ಅಪ್ಪನ ಕೋಲು ಕೈ ತಪ್ಪಿದ್ದು ಅವನ ಹೊಟ್ಟೆಯಲ್ಲಿ ಕುದಿಯುತ್ತಲೇ ಇತ್ತು. ದೀಪಾವಳಿಯ ಊಟಕ್ಕೆ ಕೂತಾಗ ಮಾತಿಗೆ ಮಾತು ಬೆಳೆದು ಪಂಥವಾಗಿತ್ತು. ಬರುವ ಬೇಸಿಗೆಗೆ ಅವನು ತನ್ನ ಕೋಲು ತೆಗೆದುಕೊಂಡು ಡಾಕ್ಟರರು ಇದ್ದಲ್ಲಿಗೇ ಬರುವುದು. ಇಬ್ಬರೂ ದಾರ ಒಗೆಯುವುದು. ಯಾರದು ದೂರ ಬೀಳುತ್ತದೋ ಅವರು ಗೆದ್ದರು. ಸೋತವರು ತಾವು ಹಿಡಿದ ಕೋಲನ್ನು ಗೆದ್ದವರಿಗೆ ಕೊಟ್ಟುಬಿಡಬೇಕು.

ಡಾಕ್ಟರರ ಸಂಕಟ ಇದೇ. ದೂರ ಒಗೆಯಲು ಮಾವನ ಉದ್ದನೆಯ ಕೋಲೇ ಬೇಕು. ಅದನ್ನು ಹಿಡಿದು ಸೋತರೆ ಅದೇ ಹೋಗುತ್ತದೆ. ಗಿಡ್ಡ ಕೋಲು ಹಿಡಿದರೆ ಮಾವನ ಕೋಲು ಉಳಿಯುತ್ತದೆ, ಆದರೆ ಸೋಲು ಖಾತ್ರಿ. ಮಾವನ ಮಗನೆದುರು ಸೋತು ಮತ್ತೆ ದೀಪಾವಳಿಯ ಎಲೆಗೆ ಕೂಡ್ರುವುದು ಹೇಗೆ?

ನಾನು ಏನೋ ಸಮಾಧಾನ ಹೇಳುವಷ್ಟರಲ್ಲಿ ಒಳಗಿನಿಂದ ಅವ್ವಾರು, ಡಾಕ್ಟರರ ಹೆಂಡತಿ, ಚಹಾ ತಂದಿಟ್ಟರು.

"ನನ್ನ ನೋಡ್ಲಿಕ್ಕೆ ಬಂದಾಗ ಕಾಲು ತಾಸಿನೊಳಗ ಹೂಂ ಅಂದ್ರು ಇವರು. ಕೋಲು ಆರಸ್ಲಿಕ್ಕೆ ದೀಪಾವಳಿಯಿಂದ ಕೂತಾರ, ಸಂಕ್ರಾಂತಿ ಬಂತು."

ಕಲ್ಲಿಲ್ಲದ ಕವಣೆ

ಜೋಳದ ಹೊಲಗಳಲ್ಲಿ ತೆನೆ ಹಾಲು ತುಂಬುವ ಕಾಲ. ಹಕ್ಕಿ ಕಾಯುವವರು ಹೊಲದ ನಡುವಿನ ಅಟ್ಟದ ಮೇಲೆ ಕೂತು ದಿನವೆಲ್ಲ ಕವಣೆ ಬೀಸುತ್ತಾರೆ. ಡಾಕ್ಟರರು ದಿನಾಲು ಸಂಜೆ ದವಾಖಾನೆಯ ಹಿಂದಿನ ಬಂಡಿದಾರಿಯಲ್ಲಿ ನಿಂತು ದಾರ ಒಗೆಯುವುದನ್ನು ರೂಢಿಸಿಕೊಳ್ಳುತ್ತಿದ್ದರು. ಒಂದು ದಿನ ಉದ್ದನೆಯ ಕೋಲು, ಮರುದಿನ ಗಿಡ್ಡ ಕೋಲು. ದಾರ ಗಾಳಿಯಲ್ಲಿ ಸುಂಯ್ ಎಂದು ಹೋದಾಗಲೆಲ್ಲ ಪಕ್ಕದ ಹೊಲದ ಹಕ್ಕಿಗಳ ಹಿಂಡು ದಡ್ ಎಂದು ಏಳುತ್ತಿತ್ತು.

ಅಟ್ಟದ ಮೇಲಿನ ರೈತ ಮೊದಲ ದಿನ ಸುಮ್ಮನೆ ನೋಡಿದ. ಎರಡನೆಯ ದಿನ ಕವಣೆ ಕೆಳಗಿಟ್ಟು ನೋಡಿದ. ಮೂರನೆಯ ದಿನ ಅಟ್ಟದ ಮೇಲೆ ಮಲಗಿಬಿಟ್ಟ. ಡಾಕ್ಟರರು ಮನೆಗೆ ಹೊರಟಾಗ ಇಳಿದು ಬಂದು, ಎಳೆ ತೆನೆಯನ್ನು ಆಗಲೇ ಸುಟ್ಟು ಉಜ್ಜಿ ತೆಗೆದ ಬಿಸಿ ಸೀತನಿಯನ್ನು ಬೆಲ್ಲ, ಶೇಂಗಾ ಚಟ್ನಿಯ ಸಮೇತ ಅವರ ಕೈಗಿಟ್ಟ.

"ಡಾಕ್ಟರ, ಕಲ್ಲಿಲ್ಲದ ಕವಣಿ ನಾ ನೋಡಿದ್ದ ಇದ ಮೊದಲರಿ. ಭಾಳ ಚಲೋ ಐತಿ. ನಾಳೆ ಒಂದೀಟ ಲಗೂ ಬರ್ರಿ."

ಡಾಕ್ಟರರಿಗೆ ಹಕ್ಕಿಯ ಕಡೆ ಲಕ್ಷ್ಯವೇ ಇರಲಿಲ್ಲ. ಯಾರೋ ಒಬ್ಬ ತಮ್ಮ ಕೋಲನ್ನು ಹೊಗಳಿದ ಎಂಬ ಸಂತೋಷದಲ್ಲಿ, "ಉದ್ದನ್ನ ಕೋಲು ಚಲೋನೋ, ಗಿಡ್ಡಂದು ಚಲೋನೋ?" ಎಂದು ಕೇಳಿದರು.

ರೈತ ತನ್ನ ಹೊಲದ ಉದ್ದಗಲ ನೋಡಿ ಹೇಳಿದ. "ಉದ್ದಂದ ಚಲೋರಿ. ಆ ಮೂಲಿ ತನಕ ಮುಟ್ಟತೈತಿ."

ಅಂದು ರಾತ್ರಿ ಡಾಕ್ಟರರು ಉದ್ದನೆಯ ಕೋಲನ್ನೇ ಆರಿಸಿದೆ ಎಂದು ಅವ್ವಾರಿಗೆ ಹೇಳಿ ಸುಖವಾಗಿ ನಿದ್ದೆ ಮಾಡಿದರಂತೆ. ಮರುದಿನ ಬೆಳಿಗ್ಗೆ ದವಾಖಾನೆಯ ಕಟ್ಟೆಯ ಮೇಲೆ ಆಚೆ ಹೊಲದ ರೈತ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಏನು ಜಡ್ಡು ಎಂದು ಕೇಳಿದೆ.

"ಜಡ್ಡ ನನಗಿಲ್ರಿ, ನನ್ನ ಜ್ವಾಳಕ್ಕ ಐತಿ. ಸಾಹೇಬ್ರು ಅವನ ಹೊಲದಾಗಿನ ಹಕ್ಕಿ ಎಬ್ಬಿಸಿ ನನ್ನ ಹೊಲಕ್ಕ ಕಳಸಾಕ ಹತ್ಯಾರ. ಸರಕಾರಿ ಡಾಕ್ಟರ ಅಂದ್ರ ಎಲ್ಲಾರಿಗೂ ಸಮ ಇರಬೇಕೋ ಬ್ಯಾಡೋ?"

"ಈಗ ಏನ ಮಾಡ್ಬೇಕಂತಿ?"

"ಔಷಧ ಕೊಟ್ಟಂಗ ಕೊಡ್ರಿ ಮತ್ತ. ಮುಂಜಾನೆ ಒಂದ ಡೋಸ್ ನನಗ, ಸಂಜಿಗೆ ಒಂದ ಡೋಸ್ ಅವಗ."

ಹಾರಾಡುವ ನೋವು

ಜೋಳದ ಜಗಳಕ್ಕೆ ಹೆದರಿ ಡಾಕ್ಟರರು ಕೆಲವು ದಿನ ಕೋಲು ಬಿಟ್ಟು ಪುಕ್ಕ ಹಿಡಿದರು. ಕೆಂಪು ಹುಂಜದ ಕುತ್ತಿಗೆಯ ಪುಕ್ಕವೇ ಬೇಕು ಎಂದು ನನಗೆ ಹೇಳಿದರು. ನಾನು ಕೋಳಿ ಸಾಕಿದ ಒಬ್ಬ ರೋಗಿಗೆ ಹೇಳಿದೆ. ಅವನು ಯಾರಿಗೆ ಹೇಳಿದನೋ ಗೊತ್ತಿಲ್ಲ. ವಾರದೊಳಗೆ ಪುಕ್ಕ ತಂದವರಿಗೆ ಡಾಕ್ಟರು ಒಳ್ಳೆ ಔಷಧ ಕೊಡುತ್ತಾರೆಂದು ಹಬ್ಬಿತು. ಕೆಲವರು ನವಿಲುಗರಿ ತಂದರು. ಒಬ್ಬಾತ ಜೀವಂತ ಹುಂಜವನ್ನೇ ಬಗಲಲ್ಲಿ ಹಿಡಿದುಕೊಂಡು ಬಂದು, "ನಿಮಗ ಬೇಕಾದಷ್ಟ ಹಿರಕೊಂಡು ತಿರಿಗಿ ಕೊಡ್ರಿ" ಎಂದ. ಹುಂಜ ಒಪ್ಪಲಿಲ್ಲ. ಆ ದಿನ ಡಾಕ್ಟರರ ಕೈಗೆ ಪಟ್ಟಿ ಕಟ್ಟಿದ್ದು ನಾನು.

ನರೇಗಲ್ಲಿನಿಂದ ಒಬ್ಬ ತಲೆನೋವಿನ ಆಸಾಮಿ ಬರುತ್ತಿದ್ದ. ಅವನ ತಲೆನೋವಿಗೆ ನಮ್ಮಲ್ಲಿದ್ದ ಗುಳಿಗೆ ಎಲ್ಲ ಮುಗಿದಿದ್ದವು. ಒಂದು ದಿನ ಡಾಕ್ಟರರು ಮೇಜಿನ ಮೇಲೆ ಗಾಳಗಳಿಗೆ ಕೆಂಪು ರೇಷ್ಮೆ ದಾರದಿಂದ ಪುಕ್ಕ ಬಿಗಿದು ಸಾಲಾಗಿ ಇಟ್ಟು, ಒಳಗೆ ಕೈ ತೊಳೆಯಲು ಹೋಗಿದ್ದರು. ಆಸಾಮಿ ಬಂದು ಕೂತವನೇ ಅವನ್ನು ನೋಡಿದ. ಕೆಂಪು ದಾರ, ಪುಕ್ಕ, ಅಚ್ಚುಕಟ್ಟಾದ ಗಂಟು. ಇಷ್ಟು ದಿನಕ್ಕೆ ಡಾಕ್ಟರಿಗೆ ಬುದ್ಧಿ ಬಂದು ತಾಯತ ಕಟ್ಟಲು ಹಿಡಿದರು ಎಂದು ತಿಳಿದು, ಒಂದನ್ನೆತ್ತಿ ತೋಳಿಗೆ ಇಟ್ಟು ಅಲ್ಲೇ ಇದ್ದ ದಾರದಿಂದ ಜಗ್ಗಿ ಕಟ್ಟಿಕೊಂಡ.

ಅವನ ಕೂಗು ಪೇಟೆಗೆ ಕೇಳಿಸಿರಬೇಕು. ಗಾಳ ತೋಳಿನೊಳಗೆ ಚೆನ್ನಾಗಿ ನಾಟಿತ್ತು. ಡಾಕ್ಟರರು ಓಡಿ ಬಂದು, ತೋಳು ಮರಗಟ್ಟಿಸುವ ಸೂಜಿ ಕೊಟ್ಟು, ಇಕ್ಕಳದಿಂದ ಅದರ ತುದಿಯ ಮುಳ್ಳು ಮುರಿದು, ನಾಜೂಕಾಗಿ ಹೊರತೆಗೆದರು. ಬೆವರು ಒರೆಸಿಕೊಳ್ಳುತ್ತ, "ತಲಿನೋವು ಹ್ಯಾಂಗದ?" ಎಂದು ಕೇಳಿದರು.

ಆಸಾಮಿ ತಲೆಯನ್ನು ಅತ್ತ ಇತ್ತ ಅಲ್ಲಾಡಿಸಿ ನೋಡಿದ. ಕೈಯ ಗದ್ದಲದಲ್ಲಿ ತಲೆಯ ನೆನಪೇ ಹೋಗಿತ್ತು. ನೋವು ಇರಲಿಲ್ಲ.

ಮರುದಿನ ನರೇಗಲ್ಲಿನ ಬಸ್ಸಿನಿಂದ ತಲೆಗೆ ಬಟ್ಟೆ ಬಿಗಿದುಕೊಂಡವರ ದಂಡೇ ಇಳಿಯಿತು. ಆಸಾಮಿ ಮುಂದೆ ನಿಂತು ಎಲ್ಲರಿಗೂ ವಿವರಿಸುತ್ತಿದ್ದ.

"ಡಾಕ್ಟರು ತಲಿಯಾಗಿನ ನೋವು ತೋಳಿಗೆ ಇಳಿಸಿ ಇಕ್ಕಳಲೆ ಕಿತ್ತರು. ನಾ ಕಣ್ಣಾರೆ ನೋಡೀನಿ. ಸಣ್ಣ ಕೊಂಡಿ ಇತ್ತು, ಅದಕ್ಕ ಎರಡ ರೆಕ್ಕಿ ಇದ್ದವು. ನನ್ನ ತಲಿಯಾಗ ಇಷ್ಟ ದಿನ ಹಾರ್ಯಾಡ್ತಿದ್ದದ್ದು ಅದ."

ಮೀನಿನ ತಪಾಸಣೆ

ಒಣ ನೆಲದಲ್ಲಿ ಒಗೆದು ಒಗೆದು ಬೇಸತ್ತ ಡಾಕ್ಟರರು, ನೀರಿನಲ್ಲಿ ನೋಡದ ಹೊರತು ಕೋಲಿನ ಗುಣ ತಿಳಿಯದು ಎಂದು ಒಂದು ರವಿವಾರ ನನ್ನನ್ನು ಕರೆದುಕೊಂಡು ನರಗುಂದದ ಮೇಲೆ ಹಾಯ್ದು ಕೊಣ್ಣೂರಿಗೆ ಹೊರಟರು. ಮಲಪ್ರಭೆಯಲ್ಲಿ ಆಗಿನ್ನೂ ಸೊಂಟಮಟ್ಟದ ನೀರಿತ್ತು. ಟ್ರೌಟ್ ಅಂತೂ ಇರಲಿಲ್ಲ. "ಯಾವ ಮೀನಾದ್ರೂ ನಡೀತದ" ಎಂದು ಅವರು ಪ್ಯಾಂಟು ಮಡಚಿಕೊಂಡು ಇಳಿದರು.

ಅರಿವೆ ಒಗೆಯುತ್ತಿದ್ದವರು ಒಗೆಯುವುದನ್ನು ಬಿಟ್ಟರು. ಎತ್ತಿಗೆ ನೀರು ಕುಡಿಸಲು ಬಂದವರು ಬಂಡಿಯಲ್ಲೇ ಕೂತರು. ಉದ್ದನೆಯ ಕೋಲಿನಿಂದ ದಾರ ನಡುಹೊಳೆಯ ತನಕ ಹೋಯಿತು, ಮೀನು ಬರಲಿಲ್ಲ. ಗಿಡ್ಡ ಕೋಲಿನಿಂದ ದಂಡೆಯ ಹತ್ತಿರವೇ ಬಿತ್ತು, ಒಂದು ಬೆಳ್ಳಗಿನ ಮೀನು ಪಟಕ್ಕನೆ ಹಿಡಿಯಿತು. ಡಾಕ್ಟರರ ಮುಖ ನೋಡಬೇಕಿತ್ತು. ಮೀನು ಸಿಕ್ಕ ಸಂತೋಷ, ಆದರೆ ಅದು ತಪ್ಪು ಕೋಲಿಗೆ ಸಿಕ್ಕ ದುಃಖ. ಅವರು ಮೀನನ್ನು ಒದ್ದೆ ಕೈಯಲ್ಲಿ ಮೆತ್ತಗೆ ಹಿಡಿದು, ಬಾಯಿ ತೆರೆದು ಗಾಳ ಬಿಡಿಸಿ, ಅತ್ತಿತ್ತ ತಿರುಗಿಸಿ ನೋಡಿ, ಮತ್ತೆ ನೀರಿಗೆ ಬಿಟ್ಟರು.

ದಂಡೆಯ ಮೇಲಿನವರು ಮೀನು ಹೋದ ದಿಕ್ಕಿಗೇ ಕತ್ತು ಚಾಚಿದರು. ಆಮೇಲೆ ಬಂಡಿಯ ಮೇಲಿನ ಮುದುಕ ನನ್ನನ್ನು ಕೇಳಿದ.

"ಯಾಕ್ರಿ, ಬಿಟ್ಟಬಿಟ್ರು?"

"ಅವ್ರು ತಿನ್ನಂಗಿಲ್ಲ."

"ತಿನ್ನಂಗಿಲ್ಲಂದ್ರ ಹಿಡದದ್ದ್ಯಾಕ? ಯಾರರಿ ಅವ್ರು?"

"ರೋಣದ ಡಾಕ್ಟರು."

"ಹಂಗಾರ ಸರಿ" ಎಂದ ಮುದುಕ, ಎಲ್ಲವೂ ತಿಳಿದವನ ಹಾಗೆ. "ಬಾಯಿ ತಗಿಸಿ ನೋಡಿದ್ರಲ್ಲ, ಆವಾಗ ಅನಕೊಂಡೆ. ಮತ್ತ ಔಷಧ ಏನೂ ಕೊಡಲಿಲ್ಲಲ್ರಿ?"

"ಔಷಧ ಕೊಡಾವ ನಾನು" ಎಂದೆ, ಸುಮ್ಮನಿರಲಾರದೆ.

ಮುದುಕ ನನ್ನನ್ನೂ ಹೊಳೆಯನ್ನೂ ನೋಡಿದ. "ನೀವು ಕೊಡೂದ್ರಾಗ ಬರೇ ನೀರ ಇರತೈತಿ. ಅದಕ್ಕ ಅಲ್ಲೇ ಭಾಳ ಐತಿ ಬಿಡ್ರಿ."

ರುಮಾಲು ಹೋದಲ್ಲಿ

ಬೇಸಿಗೆ ಬಂತು, ಹೊಳೆ ಬತ್ತಿತು, ಚಹಾ ತೋಟದ ಸಾಹೇಬ ಬಂದಿಳಿದ. ಟೊಪ್ಪಿಗೆ, ಬೂಟು, ಹೊಚ್ಚ ಹೊಸ ಕೋಲು. ಬಂದವನೇ ಅಕ್ಕನ ಕೈಯ ಚಹಾ ಕುಡಿದು, "ಇದಕ್ಕ ಚಹಾ ಅಂತೀಯೇನಕ್ಕ?" ಎಂದ. ಅವ್ವಾರು ಅಂದಿನಿಂದ ಅವನಿಗೆ ಮಜ್ಜಿಗೆಯನ್ನೇ ಕೊಟ್ಟರು.

ನೀರಿಲ್ಲದ ಮೇಲೆ ಪಂಥ ಬಯಲಿನಲ್ಲೇ ಆಗಬೇಕು. ಡಾಕ್ಟರರಿಗೆ ಒಂದು ಜಾಗ ಗೊತ್ತಿತ್ತು. ವಾರಕ್ಕೊಮ್ಮೆ ಅವರು ಗಜೇಂದ್ರಗಡಕ್ಕೆ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಆ ದಾರಿಯಲ್ಲಿ ಸೂಡಿಯ ಹತ್ತಿರ ಇಬ್ಬರು ಅಣ್ಣತಮ್ಮಂದಿರ ಹೊಲಗಳ ನಡುವೆ ಒಂದು ಅಗಲವಾದ ಪಟ್ಟಿ ಬೀಳುಬಿದ್ದಿತ್ತು. ನಡುವಿನ ಬದು ಎಂದೋ ಮಳೆಗೆ ಕೊಚ್ಚಿಹೋಗಿ, ಆ ಪಟ್ಟಿ ನನ್ನದು ಎಂದು ಅಣ್ಣ, ನನ್ನದು ಎಂದು ತಮ್ಮ. ಇಬ್ಬರೂ ಉಳುವಂತಿಲ್ಲ. ಇಬ್ಬರ ನಡುವೆ ಮಾತಿಲ್ಲ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರಿಲ್ಲ. ಇನ್ನೊಬ್ಬ ಕಾಲಿಟ್ಟಾನು ಎಂದು ಅಣ್ಣ ಈ ಕಡೆಯ ಬೇವಿನ ಕೆಳಗೆ, ತಮ್ಮ ಆ ಕಡೆಯ ಬನ್ನಿಯ ಕೆಳಗೆ ಕೂತು ಕಾಯುತ್ತಿದ್ದರು. ಇಬ್ಬರೂ ಸೇರಿ ಕಾದದ್ದರಿಂದ ಆ ನೆಲದಲ್ಲಿ ಒಂದು ಗಿಡವೂ ಹುಟ್ಟಿರಲಿಲ್ಲ. ದಾರ ಒಗೆಯಲು ಅದಕ್ಕಿಂತ ಚಲೋ ಜಾಗ ನಮ್ಮ ತಾಲೂಕಿನಲ್ಲೇ ಇರಲಿಲ್ಲ.

ಡಾಕ್ಟರರು ಇಬ್ಬರಿಗೂ ಬೇರೆಬೇರೆಯಾಗಿ ಕೇಳಿ ಒಪ್ಪಿಗೆ ತೆಗೆದುಕೊಂಡರು. ಊರ ಮಂದಿ ಎಲ್ಲ ಬಂದಿತ್ತು. ದಾರ ಬಿದ್ದಲ್ಲಿ ಗೂಟ ಬಡಿಯುವ ಕೆಲಸ ನನ್ನದು.

ಡಾಕ್ಟರರು ಎರಡೂ ಚೀಲ ತಂದಿದ್ದರು. ಕೊನೆಯ ಗಳಿಗೆಯ ತನಕ ಉದ್ದನೆಯದರ ಮೇಲೆ ಒಂದು ಕೈ, ಗಿಡ್ಡದರ ಮೇಲೆ ಒಂದು ಕೈ. ಚಹಾ ತೋಟದ ಸಾಹೇಬ ನಕ್ಕ. "ಭಾವಾ, ಸೋಲೂದ ಖಾತ್ರಿ ಇದ್ರ ಗಿಡ್ಡಂದ ತಗೋರಿ. ಅಪ್ಪನ ಕೋಲರೆ ಉಳೀತದ."

ಡಾಕ್ಟರರ ಕಿವಿ ಕೆಂಪಾಯಿತು. ಗಿಡ್ಡ ಕೋಲಿನ ಚೀಲದ ಬಾಯಿ ಬಿಗಿದು ನನ್ನ ಹೆಗಲಿಗೆ ಹಾಕಿ, ಮಾವನ ಕೋಲನ್ನು ಜೋಡಿಸಿದರು. ಮನೆಯಲ್ಲಿ ಅವ್ವಾರು ಹೊರಡುವಾಗ ನನಗೊಬ್ಬನಿಗೇ ಹೇಳಿದ್ದರು: "ಹ್ಯಾಂಗರೆ ಮಾಡಿ ಆ ಕೋಲು ತಿರಿಗಿ ಮನಿಗೆ ತರ್ರಿ. ಇಲ್ಲಂದ್ರ ಇವರು ಊಟ ಬಿಡ್ತಾರ."

ಮೊದಲು ಚಹಾ ತೋಟದ ಸಾಹೇಬ ಅಣ್ಣನ ಬೇವಿನ ಕಡೆ ನಿಂತು ಒಗೆದ. ತಾಳ್ಮೆ ಇಲ್ಲದವನೆಂದು ಮಾವ ಹೇಳಿದ್ದು ಸುಳ್ಳಾಗಿತ್ತು. ದಾರ ಹಿಂದೆ ನೆಟ್ಟಗಾಗುವ ತನಕ ಕಾದು ಬೀಸಿದ. ಅದು ಹೋಯಿತು ಹೋಯಿತು, ತಮ್ಮನ ಬನ್ನಿಯ ನೆರಳಿನ ಅಂಚಿಗೇ ಹೋಗಿ ಬಿತ್ತು. ನಾನು ಓಡಿಹೋಗಿ ಗೂಟ ಬಡಿದೆ. ತನ್ನ ಗಿಡದ ಬುಡಕ್ಕೆ ಇದೇನು ಬಂತೆಂದು ತಮ್ಮ ಎದ್ದು ಪಟ್ಟಿಯೊಳಗೆ ನಾಲ್ಕು ಹೆಜ್ಜೆ ಬಂದ. ತಮ್ಮ ಒಳಗೆ ಬಂದದ್ದನ್ನು ಕಂಡು ಈ ಕಡೆ ಅಣ್ಣನೂ ಎದ್ದು ಬಂದ. ಡಾಕ್ಟರರ ಬೆನ್ನ ಹಿಂದೆಯೇ ಸೊಂಟದ ಮೇಲೆ ಕೈಯಿಟ್ಟು ನಿಂತ.

ಡಾಕ್ಟರರಿಗೆ ಅದು ತಿಳಿಯದು. ಅವರ ಕಣ್ಣು ಗೂಟದ ಮೇಲಿತ್ತು. ಕೋಲೆತ್ತಿ ದಾರವನ್ನು ಹಿಂದಕ್ಕೆ ಬೀಸಿದರು, ತಾಳಿದರು, ಇನ್ನೂ ತಾಳಿದರು, ಮೈಯ ಬಲವನ್ನೆಲ್ಲ ಹಾಕಿ ಮುಂದಕ್ಕೆ ಒಗೆದರು.

ದಾರದ ಸಂಗಡ ಅಣ್ಣನ ತಲೆಯ ರುಮಾಲೂ ಹೋಯಿತು.

ತೆಳ್ಳನೆಯ ಬಿಳಿ ರುಮಾಲು. ಗಾಳ ಅದರ ಸೆರಗಿಗೆ ಸಿಕ್ಕಿತ್ತು; ಸುತ್ತು ಬಿಚ್ಚಿಕೊಳ್ಳುತ್ತ, ಗಾಳಿಯಲ್ಲಿ ತೇಲುತ್ತ ರುಮಾಲು ಪಟ್ಟಿಯ ಮೇಲೆ ಹಾಯ್ದು ಸೀದಾ ತಮ್ಮನ ಎರಡೂ ಪಾದಗಳ ಮೇಲೆ ಬಿತ್ತು.

ಕೂತಿದ್ದ ಮಂದಿ ಎದ್ದು ನಿಂತಿತು. ನಮ್ಮ ಕಡೆ ಒಬ್ಬನ ಕಾಲಮೇಲೆ ರುಮಾಲಿಡುವುದೆಂದರೆ ನನ್ನ ಮಾನ ನಿನ್ನ ಕೈಯಲ್ಲಿದೆ ಎಂದು ಶರಣು ಬಂದ ಹಾಗೆ. ಅದಕ್ಕಿಂತ ದೊಡ್ಡ ಬೇಡಿಕೆಯಿಲ್ಲ. ಅದೂ ಅಣ್ಣ, ಊರ ಮಂದಿಯೆದುರು, ತಮ್ಮನ ಕಾಲಿಗೆ. ತಮ್ಮ ಬಿದ್ದ ರುಮಾಲನ್ನೂ, ಬರಿದಲೆಯಲ್ಲಿ ನಿಂತ ಅಣ್ಣನನ್ನೂ ನೋಡಿದ. ಎರಡೂ ಕೈಯಿಂದ ರುಮಾಲೆತ್ತಿ ಕಣ್ಣಿಗೊತ್ತಿಕೊಂಡು ಓಡಿಬಂದ.

"ಅಣ್ಣಾ, ಇಷ್ಟ ದೊಡ್ಡ ಮಾತ ಯಾಕ ಮಾಡಿದಿ? ಬಾ ಅಂದಿದ್ರ ನಾನ ಬರ್ತಿದ್ದಿಲ್ಲೇನು? ಈ ನೆಲ ನಿಂದ, ತಗೋ."

ಅಣ್ಣನಿಗೆ ತನ್ನ ರುಮಾಲು ಹೇಗೆ ಹೋಯಿತೆಂದೇ ತಿಳಿದಿರಲಿಲ್ಲ. ಬಾಯಿ ತೆರೆದ, ಮಂದಿಯನ್ನು ನೋಡಿದ, ನೆಲವನ್ನು ನೋಡಿದ, ಬಾಯಿ ಮುಚ್ಚಿಕೊಂಡ. ಆಮೇಲೆ ಖರೇನೇ ಅಳು ಬಂತು ಅವನಿಗೆ. ಇಬ್ಬರೂ ಅಪ್ಪಿಕೊಂಡು ಅತ್ತರು.

ಗಾಳ ಮಾತ್ರ ಇನ್ನೂ ರುಮಾಲಿನಲ್ಲೇ ಇತ್ತು. ಜಗ್ಗಿದರೆ ಅಣ್ಣತಮ್ಮಂದಿರಿಗೆ ಚುಚ್ಚೀತೆಂದು ಡಾಕ್ಟರರು, ಅವರು ಅಪ್ಪಿಕೊಂಡು ಅತ್ತ ಹೋದರೆ ದಾರ ಬಿಡುತ್ತ, ಇತ್ತ ಬಂದರೆ ದಾರ ಸುತ್ತುತ್ತ ಬಾಗಿದ ಕೋಲು ಹಿಡಿದು ಸುತ್ತಾಡುತ್ತಿದ್ದರು. ದೊಡ್ಡ ಮೀನು ಸಿಕ್ಕಾಗ ಹಾಗೇ ಮಾಡಬೇಕಂತೆ.

ಗದ್ದಲ ತಣ್ಣಗಾದಾಗ ಚಹಾ ತೋಟದ ಸಾಹೇಬ ಗಂಟಲು ಸರಿಮಾಡಿಕೊಂಡ. "ಭಾವಾ, ರುಮಾಲು ಗೂಟದಕಿಂತ ಹಿಂದ ಬಿದ್ದದ. ನಾ ಗೆದ್ದೆ."

ಮಾತು ಸರಿಯಾಗಿತ್ತು. ಡಾಕ್ಟರರು ಕೋಲನ್ನು ಬಿಡಿಸಿ, ತುಂಡುಗಳನ್ನು ಪಂಚೆಯಿಂದ ಒರೆಸಿ, ಚೀಲಕ್ಕೆ ಹಾಕಿ ಅವನ ಕಡೆ ಚಾಚಿದರು. ನನಗೆ ಅವ್ವಾರಿಗೆ ಏನು ಹೇಳಲಿ ಎಂಬ ಚಿಂತೆ.

ಸಾಹೇಬ ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಊರ ಹಿರಿಯನೊಬ್ಬ ನಡುವೆ ಬಂದು ಚೀಲವನ್ನು ತನ್ನ ಎದೆಗೊತ್ತಿಕೊಂಡ. "ಇದು ಈ ಸೀಮಿ ಬಿಟ್ಟು ಹೋಗಂಗಿಲ್ರಿ. ನಮ್ಮೂರಾಗ ಬದುವಿನ ಜಗಳ ಇನ್ನೂ ಭಾಳ ಅದಾವು."

"ಅದು ನಮ್ಮಪ್ಪಂದು" ಎಂದ ಸಾಹೇಬ.

"ನಿಮ್ಮಪ್ಪ ಪುಣ್ಯಾತ್ಮ. ತಿಳದ ಅಳಿಯಗ ಕೊಟ್ಟಾನ" ಎಂದು ಹಿರಿಯ ಚೀಲವನ್ನು ಡಾಕ್ಟರರ ಹೆಗಲಿಗೇ ತೂಗುಹಾಕಿದ. ಆಮೇಲೆ ಸಾಹೇಬನ ಹೊಸ ಕೋಲನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮದೂ ಇಲ್ಲೇ ಇಟ್ಟು ಹೋಗ್ರಿ. ಅದು ಇನ್ನೂ ದೂರ ಹೋಗತೈತಿ. ಭಾಳ ಸಿಟ್ಟಾದವ್ರು ದೂರ ನಿಂದರ್ತಾರ" ಎಂದ.

ಮಂದಿ ಹೌದು ಹೌದು ಎಂದು ಸುತ್ತುಗಟ್ಟಿತು. ಸಾಹೇಬ ತನ್ನ ಕೋಲನ್ನು ಅಪ್ಪಿಕೊಂಡು ಗಜೇಂದ್ರಗಡದ ಬಸ್ಸಿಗೆ ಓಡಿದ. ಅಕ್ಕನ ಮನೆಯಲ್ಲಿ ಬಿಟ್ಟ ಟ್ರಂಕನ್ನು ಮುಂದೆ ಪಾರ್ಸಲ್ ಮಾಡಿ ಕಳಿಸಬೇಕಾಯಿತು.

ಮರುದಿನ ಬೆಳಿಗ್ಗೆ ದವಾಖಾನೆಯ ಬಾಗಿಲು ತೆರೆಯುವಾಗ ಕಟ್ಟೆಯ ಮೇಲೆ ಸೂಡಿಯ ತಮ್ಮ ಕೂತಿದ್ದ. ತಲೆಯ ಮೇಲೆ ಹೊಸ ರುಮಾಲು, ಈಗ ಬಿದ್ದೀತು ಆಗ ಬಿದ್ದೀತು ಎಂಬಷ್ಟು ಸಡಿಲಾಗಿ ಸುತ್ತಿದ್ದ. ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖ.

"ನಿನ್ನಿ ಅಳೂ ಭರದಾಗ ನೆಲಾ ಎಲ್ಲ ಕೊಟ್ಟಬಿಟ್ನಿರಿ" ಎಂದ ಡಾಕ್ಟರರಿಗೆ. "ಮನಿಯಾಗ ನನ್ನ ಹೆಂಡತಿ ಒಲಿ ಹಚ್ಚಿಲ್ಲ. ನೀವು ಇನ್ನೊಮ್ಮೆ ಬಂದು ಒಗೀಬೇಕು. ಈ ಸಲ ನಾನು ನಿಮ್ಮ ಹಿಂದ ನಿಂದರ್ತೀನಿ. ನನ್ನ ರುಮಾಲ ಒಯ್ದು ಅಣ್ಣನ ಕಾಲಾಗ ಹಾಕ್ರಿ. ಅವನೂ ಭಾಳ ಮೆತ್ತನ್ನ ಮನಿಶ್ಯಾ, ಅರ್ಧ ಕೊಟ್ಟಬಿಡ್ತಾನ."

ಡಾಕ್ಟರರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಗಬಹುದೆಂದು ಅವರು ಗೋಡೆಗೆ ತೂಗುಹಾಕಿದ್ದ ಮಾವನ ಕೋಲಿಗೆ ಕೈ ಚಾಚಿದರು. ತಮ್ಮ ತಡೆದ.

"ಅದು ಬ್ಯಾಡ್ರಿ ಸಾಹೇಬ್ರ, ಗಿಡ್ಡಂದ ತಗೋರಿ. ಅಣ್ಣ ಈಗ ಹತ್ತರನ ಬಂದು ನಿಂದರ್ತಾನ."